ಗುಳ್ಳೆಗಳು ಕೆಳಗೆ ಹೋದ ದಿನ

ನೀರಿನಡಿ ಉಸಿರು ಬಿಟ್ಟರೆ ಗುಳ್ಳೆ ಮೇಲಕ್ಕೆ ಹೋಗಬೇಕು. ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಆವತ್ತು ನನ್ನ ಗುಳ್ಳೆಗಳು ಮೊದಲು ಕಿವಿಯ ಪಕ್ಕಕ್ಕೆ ಸರಿದವು. ಆಮೇಲೆ ಗಲ್ಲ ದಾಟಿ, ಎದೆಯ ಮುಂದಿನಿಂದ ಇಳಿದು, ಕಾಲಿನ ಕಡೆ ಹೋಗತೊಡಗಿದವು. ನೋಡಲು ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ. ಬೆಳ್ಳಿ ಮಣಿ ಸುರಿದ ಹಾಗೆ. ಇದೇನು ನಡೀತಿದೆ ಅಂತ ತಲೆಗೆ ಹೊಳೆಯುವಷ್ಟರಲ್ಲಿ ಎರಡು ಉಸಿರು ಖರ್ಚಾಗಿತ್ತು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಜಾಗ ಇಂಡೋನೇಷ್ಯಾದ ಪೂರ್ವದ ತುದಿ, ರಾಜಾ ಅಂಪಾಟ್. ರಾಜಾ ಅಂದರೆ ರಾಜನೇ, ಅಂಪಾಟ್ ಅಂದರೆ ನಾಲ್ಕು. ವೈಗಿಯೊ, ಬಟಾಂಟಾ, ಸಲಾವತಿ, ಮಿಸೂಲ್ ಅನ್ನುವ ನಾಲ್ಕು ದೊಡ್ಡ ದ್ವೀಪಗಳು, ಅವುಗಳ ಸುತ್ತ ಚೆಲ್ಲಿದ ಹಾಗೆ ಸಾವಿರಕ್ಕೂ ಹೆಚ್ಚು ಪುಟ್ಟ ದ್ವೀಪಗಳು. ಸೊರೊಂಗ್ ಬಂದರಿನಲ್ಲಿ ಹಡಗು ಹತ್ತಿದರೆ ಆಮೇಲೆ ಎಂಟು ದಿನ ಅದೇ ಮನೆ. ನಮ್ಮದು ಪಿನಿಸಿ ಎಂಬ ಮರದ ಹಡಗು. ಎರಡು ಹಾಯಿಕಂಬ, ಏಳು ಹಾಯಿ. ಸುಲಾವೆಸಿ ದ್ವೀಪದ ದಕ್ಷಿಣ ಕರಾವಳಿಯ ಕುಶಲಕರ್ಮಿಗಳು ಇದನ್ನು ಕಟ್ಟುವ ರೀತಿ ನಾವು ಅಂದುಕೊಂಡದ್ದಕ್ಕೆ ಉಲ್ಟಾ. ಮೊದಲು ಹೊರಗಿನ ಹಲಗೆಗಳನ್ನು ಜೋಡಿಸಿ ಹೊಟ್ಟೆ ಮಾಡುತ್ತಾರೆ, ಪಕ್ಕೆಲುಬು ಕೂರಿಸುವುದು ಆಮೇಲೆ. ಈ ವಿದ್ಯೆಯನ್ನು 2017ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಯಿಹಡಗಿನಲ್ಲಿ ಹೋಗ್ತೀವಿ ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೆವು. ನಿಜ ಹೇಳಬೇಕೆಂದರೆ ಎಂಟು ದಿನದಲ್ಲಿ ಹಾಯಿ ಬಿಚ್ಚಿದ್ದು ಎರಡೇ ಸಲ. ಸಮಭಾಜಕ ವೃತ್ತ ಇಲ್ಲಿ ದ್ವೀಪಗಳ ನಡುವೆಯೇ ಹಾದುಹೋಗುತ್ತದೆ. ಈ ಸುತ್ತಿನಲ್ಲಿ ಗಾಳಿ ಬಿಸಿಯಾಗಿ ಮೇಲಕ್ಕೇಳುವುದೇ ಜಾಸ್ತಿ, ಅಡ್ಡಕ್ಕೆ ಬೀಸುವುದು ಕಡಿಮೆ. ಹಾಗಾಗಿ ದಿನವಿಡೀ ಡೀಸೆಲ್ ಇಂಜಿನ್ನಿನ ಗುಡುಗುಡು. ಎರಡನೇ ಸಲ ಹಾಯಿ ಬಿಚ್ಚಿದಾಗ ಮಾತ್ರ ಕ್ಯಾಪ್ಟನ್ ಇಂಜಿನ್ ನಿಲ್ಲಿಸಿದರು. ಆಗ ಕೇಳಿದ್ದು ಹಲಗೆಗಳ ಕಿರುಗುಟ್ಟುವ ಸದ್ದು, ಹಗ್ಗ ಬಿಗಿಯುವ ಸದ್ದು. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಗಾಳಿ ಬಿತ್ತು, ಮತ್ತೆ ಗುಡುಗುಡು.

ಜೊತೆಗೆ ಬಂದವರು ಭಾವ. ಡೈವಿಂಗ್‌ನಲ್ಲಿ ಒಬ್ಬೊಬ್ಬರೇ ಇಳಿಯುವ ಹಾಗಿಲ್ಲ, ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಬೇಕು. ಅವನನ್ನು 'ಬಡ್ಡಿ' ಅನ್ನುತ್ತಾರೆ. ಮೊದಲ ದಿನ ಆ ಮಾತು ಕೇಳಿದಾಗಿನಿಂದ ಭಾವನಿಗೆ ಒಂದೇ ತಮಾಷೆ. "ಬಡ್ಡಿ ಅಂದಮೇಲೆ ಬಿಡೋ ಮಾತೇ ಇಲ್ಲ ಮಾರಾಯ. ಅಸಲು ಎಲ್ಲಿ ಹೋಗುತ್ತೋ ನಾನೂ ಅಲ್ಲಿಗೆ."

ಮೊದಲ ಮೂರು ದಿನ ಸುಖವಾಗಿ ಕಳೆದವು. ಮಾಂಟಾ ರೇ ಅನ್ನುವ, ರೆಕ್ಕೆ ಬಡಿದು ಹಾರುವ ಹಾಗೆ ಈಜುವ ದೊಡ್ಡ ಚಪ್ಪಟೆ ಮೀನುಗಳನ್ನು ನೋಡಿದೆವು. ಅವು ಎಷ್ಟು ಅದ್ಭುತ ಅಂತ ಎಲ್ಲರೂ ಬರೆದಿದ್ದಾರೆ, ಬಿಡಿ.

ನಾಲ್ಕನೇ ದಿನ ಕ್ರಿ ದ್ವೀಪದ ಪೂರ್ವದ ಮೂತಿ, ಕೇಪ್ ಕ್ರಿ. ಇಲ್ಲಿ ಗೆರಾಲ್ಡ್ ಅಲೆನ್ ಎಂಬ ಮೀನು ತಜ್ಞರು 2012ರಲ್ಲಿ ಒಂದೇ ಮುಳುಗಿನಲ್ಲಿ 374 ಜಾತಿಯ ಮೀನು ಎಣಿಸಿದ್ದಾರೆ. ನಾನು ಹೆಸರು ಹಿಡಿದು ಗುರುತಿಸಿದ್ದು ಹನ್ನೊಂದು. ಉಳಿದವನ್ನೆಲ್ಲ 'ಹಳದಿ', 'ಹಳದಿ ಪಟ್ಟೆ', 'ಸಿಟ್ಟಿನ ಮುಖದ್ದು' ಅಂತ ಬರೆದುಕೊಂಡೆ.

ಇಷ್ಟೊಂದು ಮೀನು ಇಲ್ಲೇ ಯಾಕೆ ಅಂದರೆ ಸೆಳವು. ವೈಗಿಯೊ ಮತ್ತು ಬಟಾಂಟಾ ನಡುವಿನ ಈ ಕಿರಿದಾದ ದಾರಿಗೆ ಡ್ಯಾಂಪಿಯರ್ ಜಲಸಂಧಿ ಅಂತ ಹೆಸರು. 1700ರಲ್ಲಿ ಈ ಸೀಮೆಗೆ ಬಂದಿದ್ದ ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ ಹೆಸರು. ಉಬ್ಬರ ಇಳಿತದ ನೀರೆಲ್ಲ ಈ ಸಂದಿಯಲ್ಲಿ ನುಗ್ಗಬೇಕು. ನುಗ್ಗುವಾಗ ಕಣ್ಣಿಗೆ ಕಾಣದ ಸಣ್ಣ ಜೀವಿಗಳನ್ನೆಲ್ಲ ಹೊತ್ತು ತರುತ್ತದೆ. ಅದನ್ನು ತಿನ್ನಲು ಚಿಕ್ಕ ಮೀನು, ಚಿಕ್ಕದನ್ನು ತಿನ್ನಲು ದೊಡ್ಡದು. ಬಸ್ಸಿಗೆ ಕಾಯುವವರ ಹಾಗೆ ಎಲ್ಲ ಮೀನೂ ಒಂದೇ ಕಡೆ ಮುಖ ಮಾಡಿ ನಿಂತಿರುತ್ತವೆ. ಅವು ಯಾವ ಕಡೆ ನೋಡುತ್ತವೋ ಆ ಕಡೆಯಿಂದ ನೀರು ಬರುತ್ತಿದೆ ಅಂತ ಅರ್ಥ.

ಹುಣ್ಣಿಮೆ ಕಳೆದು ಎರಡೇ ದಿನ ಆಗಿತ್ತು. ಸೆಳವು ಜೋರಾಗಿರುವ ಸಮಯ. ಗೈಡ್ ಬಿಳಿ ಹಲಗೆಯ ಮೇಲೆ ಮೂತಿಯ ಚಿತ್ರ ಬರೆದು, ತುದಿಯ ಹತ್ತಿರ ಕೆಂಪು ಗೆರೆ ಎಳೆದರು. ಇದರಾಚೆ ಬೇಡ. ನಾನು ಸಿಲಿಂಡರ್ ಬಾರಿಸಿದರೆ ತಕ್ಷಣ ನನ್ನ ಕಡೆ ಬನ್ನಿ. ಜೊತೆಗಾರ ಕಾಣದಿದ್ದರೆ ಒಂದು ನಿಮಿಷ ಹುಡುಕಿ, ಸಿಗದಿದ್ದರೆ ನಿಧಾನ ಮೇಲೆ ಬನ್ನಿ. ಕೊನೆಗೆ "ಹಾತಿ ಹಾತಿ" ಅಂದರು, ಅಂದರೆ ಜೋಪಾನ. ನಾನು ತಲೆ ಆಡಿಸಿದೆ. ತಲೆ ಆಡಿಸುವುದರಲ್ಲಿ ನಾನು ಮೊದಲಿಂದಲೂ ಮುಂದೆ.

ಡಿಂಗಿ ಅನ್ನುವ ಸಣ್ಣ ದೋಣಿಯಿಂದ ಹಿಂದಕ್ಕೆ ಉರುಳಿ ನೀರಿಗೆ ಬಿದ್ದೆವು. ನೀರು ಬೆಚ್ಚಗೆ, ಸುಮಾರು 29 ಡಿಗ್ರಿ. ಇಪ್ಪತ್ತೆರಡು ಮೀಟರ್ ಆಳದಲ್ಲಿ ಮೇಜಿನಂತೆ ಚಪ್ಪಟೆಯಾಗಿ ಬೆಳೆದ ಹವಳ. ಅದರ ಕೆಳಗೆ ವೊಬೆಗಾಂಗ್ ಮಲಗಿತ್ತು. ಇದು ಶಾರ್ಕ್ ಜಾತಿಯೇ, ಆದರೆ ನೋಡಿದರೆ ಯಾರೋ ಒಗೆಯಲು ಬಿಸಾಕಿದ ಹಳೇ ಕಾರ್ಪೆಟ್. ಬಾಯಿ ಸುತ್ತ ಪಾಚಿಯಂಥ ಕುಚ್ಚು. ಟಾರ್ಚ್ ಹಾಕಿದೆ. ಅಷ್ಟು ಆಳದಲ್ಲಿ ಸೂರ್ಯನ ಬೆಳಕಿನ ಕೆಂಪು ಉಳಿದಿರುವುದಿಲ್ಲ, ಎಲ್ಲ ನೀಲಿ ಬೂದು. ಟಾರ್ಚ್ ಬಿದ್ದ ಕಡೆ ಮಾತ್ರ ಬಣ್ಣ ಹುಟ್ಟುತ್ತದೆ. ಕುಚ್ಚಿನ ಒಂದೊಂದು ಎಳೆಯೂ ಕಂದು, ತುದಿಯಲ್ಲಿ ಕೆನೆ ಬಣ್ಣ. ಒಂದು ಪುಟ್ಟ ಮೀನು ಅದರ ಮೂಗಿನ ತುದಿಗೇ ಬಂದು ನಿಂತಿತು. ಈಗ ನುಂಗುತ್ತೆ, ಈಗ ನುಂಗುತ್ತೆ ಅಂತ ಕಾದೆ.

ಟಣ್ ಟಣ್ ಟಣ್. ಸಿಲಿಂಡರ್ ಬಾರಿಸಿದ ಸದ್ದು ಕೇಳಿತು. ಯಾರಿಗೋ ಆಮೆ ತೋರಿಸ್ತಿದ್ದಾರೆ ಅಂದುಕೊಂಡು ಸುಮ್ನಿದ್ದೆ. ತಪ್ಪು ಅಂದರೆ ಇದೇ, ಪೂರ್ತಿ ನನ್ನದೇ.

ತಲೆ ಎತ್ತಿದಾಗ ಯಾರೂ ಇರಲಿಲ್ಲ. ಹವಳದ ಮೇಲೆ ಆಡುತ್ತಿದ್ದ ಕಿತ್ತಳೆ ಬಣ್ಣದ ಸಣ್ಣ ಮೀನುಗಳೂ ಇರಲಿಲ್ಲ, ಎಲ್ಲ ಸಂದಿಗಳೊಳಗೆ ಸೇರಿಕೊಂಡಿದ್ದವು. ಅದು ಎಂಥ ಸುದ್ದಿ ಅಂತ ಓದಲು ನನಗೆ ಬರಲಿಲ್ಲ. ಗುಂಪನ್ನು ಹಿಡಿಯೋಣ ಅಂತ ಮೂತಿಯ ಕಡೆ ನಾಲ್ಕು ಸಲ ಕಾಲಿಗೆ ಹಾಕಿದ್ದ ಫಿನ್ ಬೀಸಿದೆ. ಐದನೆಯದಕ್ಕೆ ಬೀಸಬೇಕಾಗಲಿಲ್ಲ, ನೀರೇ ಎಳೆದುಕೊಂಡಿತು.

ಮೊದಲು ಗೊತ್ತಾಗಿದ್ದು ಕಿವಿಗೆ. ಆಳಕ್ಕೆ ಇಳಿಯುವಾಗ ಕಿವಿ ಕಟ್ಟುತ್ತದೆ, ಮೂಗು ಹಿಡಿದು ಊದಿ ಬಿಡಿಸಿಕೊಳ್ಳಬೇಕು. ನಾನು ಇಳಿಯುತ್ತಿಲ್ಲ, ಅಲ್ವಾ? ಮತ್ತೆ ಕಿವಿ ಯಾಕೆ ಕಟ್ಟುತ್ತಿದೆ? ಆಗ ನೋಡಿದ್ದು ಗುಳ್ಳೆಗಳನ್ನು. ಕೈಯಲ್ಲಿದ್ದ, ಆಳ ತೋರಿಸುವ ಕಂಪ್ಯೂಟರ್ 24 ಮೀಟರ್ ತೋರಿಸಿತು, 27, ಆಮೇಲೆ 31. ಮೇಲಕ್ಕೆ ಹೋಗಲು ಜೋರಾಗಿ ಕಾಲು ಬಡಿಯುತ್ತಲೇ ಕೆಳಗೆ ಹೋಗುತ್ತಿದ್ದೆ. ಮೂತಿಯನ್ನು ದಾಟಿದ ನೀರು ಹವಳದ ಗೋಡೆಯ ಅಂಚಿನಿಂದ ಜಲಪಾತದ ಹಾಗೆ ಕೆಳಗೆ ಸುರಿಯುತ್ತದೆ. ನಾನು ಅದರೊಳಗಿದ್ದೆ.

ಮೂವತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ನಾಲ್ಕು ಪಟ್ಟು. ಒಂದೊಂದು ಉಸಿರಿಗೂ ನಾಲ್ಕು ಪಟ್ಟು ಗಾಳಿ. ಹೆದರಿ ಏದುಸಿರು ಬಿಟ್ಟರೆ ಇನ್ನೂ ಜಾಸ್ತಿ. ಸಿಲಿಂಡರಿನಲ್ಲಿ ಉಳಿದ ಗಾಳಿಯ ಒತ್ತಡ ತೋರಿಸುವ, 200 ಬಾರ್‌ನಿಂದ ಶುರುವಾಗಿದ್ದ ಮುಳ್ಳು 90ಕ್ಕೆ ಬಂದಿತ್ತು.

ತರಬೇತಿಯಲ್ಲಿ ಹೇಳಿದ್ದು ಹೇಗೋ ನೆನಪಾಯಿತು. ಕೆಳಸೆಳವಿನ ಎದುರು ಮೇಲಕ್ಕೆ ಈಜಬೇಡ, ಗೋಡೆ ಬಿಟ್ಟು ಅಡ್ಡಕ್ಕೆ ಈಜು. ಹಿಡಿದುಕೊಳ್ಳಲು ಇದ್ದದ್ದು ಗೋಡೆಯೊಂದೇ, ಅದಕ್ಕೆ ಬೆನ್ನು ಹಾಕಿ ಬರೀ ನೀಲಿಯ ಕಡೆ ಹೋಗುವುದು ಸುಲಭವಲ್ಲ. ತೇಲಲು ಹಾಕಿಕೊಳ್ಳುವ ಜಾಕೆಟ್ಟಿಗೆ ಸ್ವಲ್ಪ ಗಾಳಿ ತುಂಬಿ ಅಡ್ಡಕ್ಕೆ ಹೊರಟೆ. ಮೂವತ್ತು ನಲವತ್ತು ಸಲ ಫಿನ್ ಬೀಸಿರಬಹುದು. ಒಮ್ಮೆಗೇ ಹಿಡಿತ ಬಿಟ್ಟಿತು. ಈಗ ಉಲ್ಟಾ ಗೋಳು. ಜಾಕೆಟ್ಟಿನ ಗಾಳಿ ಹಿಗ್ಗಿ ನನ್ನನ್ನು ಬೆಂಡಿನ ಹಾಗೆ ಮೇಲಕ್ಕೆ ಒಯ್ಯತೊಡಗಿತು. ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ಏರಬಾರದು, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟಿದರೆ ಕಥೆ ಬೇರೆ. ಕಂಪ್ಯೂಟರ್ ಕಿರುಚಿತು. ಗಾಳಿ ಬಿಟ್ಟು, ಬಿಟ್ಟು, ಅಂತೂ 5 ಮೀಟರ್‌ಗೆ ಬಂದು ನಿಂತೆ.

ಆ ಸಾರಜನಕ ನಿಧಾನವಾಗಿ ಹೊರಹೋಗಲಿ ಅಂತ ಅಲ್ಲಿ ಮೂರು ನಿಮಿಷ ಕಾಯಬೇಕು. ಗೋಡೆ ಇಲ್ಲ, ತಳ ಇಲ್ಲ, ಮೀನೂ ಇಲ್ಲ. ನಿಂತಿದ್ದೀನೋ ತೇಲುತ್ತಿದ್ದೀನೋ ಹೇಳುವುದು ಕೈಯಲ್ಲಿನ ಅಂಕಿ ಮಾತ್ರ. ನಾನಿರುವ ಜಾಗ ಮೇಲಿನವರಿಗೆ ಕಾಣಲಿ ಅಂತ ಕಿತ್ತಳೆ ಬಣ್ಣದ ಉದ್ದ ಬಲೂನು ತೆಗೆದು ಗಾಳಿ ಊದಿ ದಾರದ ಉಂಡೆಯ ಜೊತೆ ಮೇಲಕ್ಕೆ ಬಿಟ್ಟೆ. ದಾರ ಸರಸರ ಬಿಚ್ಚಿಕೊಂಡು ಹೋಗಿ ಬಿಗಿಯಾಯಿತು. ಆ ಬಿಗಿ ಬೆರಳಿಗೆ ಸಿಕ್ಕಾಗ ಆದ ಸಮಾಧಾನ ಎಷ್ಟು ಅಂತ ಹೇಳಲಾರೆ. ಇನ್ನೊಂದು ಕಡೆ ಯಾರೋ ಹಿಡಿದಿದ್ದಾರೆ ಅನ್ನಿಸಿತು. ಯಾರೂ ಹಿಡಿದಿರಲಿಲ್ಲ, ಬರೀ ಬಲೂನು.

ಮೇಲೆ ಬಂದರೆ ಮಳೆ. ಇಳಿಯುವಾಗ ಬಿಸಿಲಿತ್ತು. ಅಲೆ ಒಂದು ಮೀಟರ್ ಎತ್ತರ. ಅಲೆಯ ತುದಿಗೆ ಬಂದಾಗ ಕ್ರಿ ದ್ವೀಪ ಮಸುಕಾಗಿ ಕಾಣುತ್ತಿತ್ತು, ಹಳ್ಳಕ್ಕೆ ಇಳಿದರೆ ನೀರು ಬಿಟ್ಟು ಏನೂ ಇಲ್ಲ. ನೀರಿನ ಮೇಲೆ ಒಂದಡಿ ಎತ್ತರದಲ್ಲಿ ಕಣ್ಣಿದ್ದರೆ ದಿಗಂತ ಬರೀ 2 ಕಿಲೋಮೀಟರ್ ದೂರ. ಗಂಟೆಗೆ ಐದು ಕಿಲೋಮೀಟರ್ ಹೋಗುವ ಸೆಳವಿನಲ್ಲಿ ಇಪ್ಪತ್ತೈದು ನಿಮಿಷ ತೇಲಿದರೆ ಅದನ್ನೂ ದಾಟಿರುತ್ತೇನೆ. ಈ ಲೆಕ್ಕ ಎಲ್ಲ ಆಮೇಲೆ ಮಾಡಿದ್ದು. ಆಗ ತಲೆಯಲ್ಲಿದ್ದದ್ದು ಒಂದೇ, ಟಾರ್ಚ್ ಆರಿಸಿದ್ದೇನಾ ಇಲ್ಲವಾ. ಮೂರು ಸಲ ನೋಡಿಕೊಂಡೆ. ಆರಿಸಿದ್ದೆ.

ಕೆಳಗೆ ಮಾಡಲು ಕೆಲಸವಿತ್ತು, ಹೆದರಲು ಪುರುಸೊತ್ತಿರಲಿಲ್ಲ. ಮೇಲೆ ಬಂದ ಮೇಲೆ ಕಾಲು ನಡುಗಿತು. ಸೀಟಿ ಊದಿದೆ. ಮಳೆಯ ಸದ್ದಿನಲ್ಲಿ ಅದು ನನಗೇ ಸರಿಯಾಗಿ ಕೇಳಲಿಲ್ಲ. ಬಲೂನನ್ನು ಎದೆಗೆ ಅಪ್ಪಿ ನೆಟ್ಟಗೆ ಹಿಡಿದೆ.

ಡಿಂಗಿ ಬಂದದ್ದು ನಾನು ನೋಡುತ್ತಿದ್ದ ಕಡೆಯಿಂದಲ್ಲ, ಬೆನ್ನ ಹಿಂದಿನಿಂದ. ಅದನ್ನು ನಡೆಸುವ ಹುಡುಗನಿಗೆ ಹದಿನೆಂಟೋ ಹತ್ತೊಂಬತ್ತೋ. ಉಳಿದವರನ್ನು ಹತ್ತಿಸಿಕೊಂಡವನು ನನ್ನನ್ನು ಬಿಟ್ಟ ಜಾಗದಲ್ಲಿ ಹುಡುಕಲೇ ಇಲ್ಲವಂತೆ. ಸೆಳವು ಯಾವ ಕಡೆಗೆ ಹೋಗುತ್ತದೋ ಆ ಕಡೆಗೆ ನೇರ ಹೊರಟು, ನನ್ನನ್ನೂ ದಾಟಿ ಮುಂದೆ ಹೋಗಿ, ತಿರುಗಿ ಬಂದಿದ್ದ. ಇಂಜಿನ್ ನಿಧಾನ ಮಾಡಿ "ಅರುಸ್" ಅಂದ, ನಕ್ಕ. ಅವರ ಭಾಷೆಯಲ್ಲಿ ಸೆಳವು.

ಭಾವ ಮುಂದಿನ ತುದಿಯಲ್ಲಿ ನಿಂತಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಸಿಲಿಂಡರ್ ಎಳೆದು ಒಳಗೆ ಹಾಕಿಕೊಂಡರು. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ, ಹಡಗು ಸೇರುವ ತನಕ ನನ್ನ ಜಾಕೆಟ್ಟಿನ ಪಟ್ಟಿ ಹಿಡಿದೇ ಕೂತಿದ್ದರು. ಹಡಗಿನ ಏಣಿ ಹತ್ತುವಾಗ ಮಾತ್ರ, "ಅಕ್ಕನಿಗೆ ಏನಂತ ಫೋನ್ ಮಾಡಬೇಕಿತ್ತು ನಾನು?" ಅಂದರು.

"ಸಿಗ್ನಲ್ಲೇ ಇಲ್ವಲ್ಲ ಭಾವ ಇಲ್ಲಿ" ಅಂದೆ. ಅವರು ನಗಲಿಲ್ಲ.

ವೇಗವಾಗಿ ಏರಿದ್ದಕ್ಕೆ ಗೈಡ್ ಆವತ್ತು ನನ್ನನ್ನು ಮತ್ತೆ ನೀರಿಗಿಳಿಸಲಿಲ್ಲ. ಸಂಜೆ ಕ್ಯಾಪ್ಟನ್ ಡೆಕ್ಕಿನಲ್ಲಿ ಉಬ್ಬರದ ಪಟ್ಟಿ ನೋಡುತ್ತಾ ಕೂತಿದ್ದರು. ನಾನು ಹಡಗಿನ ಕಪಾಟಿನಲ್ಲಿದ್ದ ಹಳೇ ಪುಸ್ತಕ ತಿರುವುತ್ತಿದ್ದೆ. ಇಂಗ್ಲಿಷ್ ಜೀವವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ 1860ರಲ್ಲಿ ಸ್ವರ್ಗದ ಹಕ್ಕಿ ಹುಡುಕಿಕೊಂಡು ಸೆರಾಂ ದ್ವೀಪದ ಕಡೆಯಿಂದ ವೈಗಿಯೊಗೆ ಸಣ್ಣ ಹಾಯಿದೋಣಿಯಲ್ಲಿ ಬಂದಿದ್ದ. ದಾರಿಯಲ್ಲಿ ಒಂದು ಪುಟ್ಟ ದ್ವೀಪದ ಹತ್ತಿರ ದೋಣಿ ಕಟ್ಟಲು ಬಳ್ಳಿ ಕಡಿದು ತನ್ನಿ ಅಂತ ಇಬ್ಬರನ್ನು ದಡಕ್ಕೆ ಕಳಿಸಿದ. ಅಷ್ಟರಲ್ಲಿ ಸೆಳವು ದೋಣಿಯನ್ನೇ ಎಳೆದೊಯ್ದಿತು. ತಿರುಗಿ ಹೋಗಲು ಆಗಲೇ ಇಲ್ಲ. ವೈಗಿಯೊ ಮುಟ್ಟಿದ ಮೇಲೆ ಬೇರೆ ದೋಣಿ ಕಳಿಸಿದ. ಆ ಇಬ್ಬರು ಹಿಂದೆ ಬಂದದ್ದು ಸುಮಾರು ಒಂದು ತಿಂಗಳ ನಂತರ, ಸೊರಗಿ, ಆದರೆ ಜೀವಂತವಾಗಿ. ಭಾವನಿಗೆ ಓದಿ ಹೇಳಿದೆ. "ಅವರಿಗೆ ನಿಲ್ಲೋಕೆ ದ್ವೀಪ ಆದರೂ ಇತ್ತು" ಅಂದರು.

ರಾತ್ರಿ ಎಲ್ಲರೂ ಲಾಗ್ ಪುಸ್ತಕ ತುಂಬಿಸಿದೆವು. ಪ್ರತಿ ಮುಳುಗಿಗೂ ಆಳ, ಸಮಯ, ಉಳಿದ ಗಾಳಿ ಬರೆದು, ಕೆಳಗೆ ಜೊತೆಗಾರನ ಸಹಿ ಹಾಕಿಸಬೇಕು. ಅತಿ ಹೆಚ್ಚು ಆಳ ಅನ್ನುವಲ್ಲಿ 31 ಮೀಟರ್ ಬರೆದೆ. ನೋಡಿದ್ದು ಅನ್ನುವಲ್ಲಿ ವೊಬೆಗಾಂಗ್. ಆ ಪುಟ್ಟ ಮೀನನ್ನು ಅದು ನುಂಗಿತಾ ಇಲ್ಲವಾ ಅಂತ ಇವತ್ತಿಗೂ ಗೊತ್ತಿಲ್ಲ. ಪುಸ್ತಕವನ್ನು ಭಾವನ ಮುಂದೆ ತಳ್ಳಿದೆ.

ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಅರ್ಧ ಡೈವ್‌ಗೆ ಮಾತ್ರ ನಾನು ಸಾಕ್ಷಿ" ಅಂದರು. ಭಾವನ ಹೆಸರು ನಾಲ್ಕಕ್ಷರ. ಎರಡು ಅಕ್ಷರ ಬರೆದು ಪೆನ್ನಿನ ಕ್ಯಾಪ್ ಹಾಕಿದರು.