ಅಡ್ಡಗೆರೆ ಬಿದ್ದ ಹೆಸರುಗಳು

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು ಅಕ್ಟೋಬರ್ ಚಾಟಣಿಯ (ಬಳ್ಳಿ ಸವರುವಿಕೆಯ) ನಂತರ ಯಾವ ದಿನ ಯಾವ ಔಷಧ ಸಿಂಪಡಿಸಿದರೆಂಬುದನ್ನು ಎಲೆಯ ಫೋಟೊ ಸಹಿತ ದಾಖಲಿಸಿಡಲೆಂದು ನಾನು ಕೆಲವು ವರ್ಷಗಳ ಹಿಂದೆ ಒಂದು ಆಂಡ್ರಾಯ್ಡ್ ಆ್ಯಪ್ ಸಿದ್ಧಪಡಿಸಿದ್ದೆ. ಈಚೆಗೆ ವಿಜಯಪುರದ ಮನೆಯಲ್ಲಿ ಅದನ್ನು ನವೀಕರಿಸಲು ಕುಳಿತಾಗ, ಅದರೊಳಗೆ ಡೆಪ್ರಿಕೇಟ್ ಆದದ್ದು, ಅಂದರೆ ಇನ್ನು ಮುಂದೆ ಬಳಸಬೇಡಿ ಎಂದು ಆಂಡ್ರಾಯ್ಡ್ ತಯಾರಕರೇ ಗುರುತು ಹಾಕಿದ್ದು, ಏನೇನಿದೆ ಎಂದು ಪತ್ತೆಹಚ್ಚುವುದೇ ಮೊದಲ ಕೆಲಸವಾಯಿತು.

ಡೆಪ್ರಿಕೇಟ್ ಆಯಿತೆಂದ ಮಾತ್ರಕ್ಕೆ ತೆಗೆದುಹಾಕಿದರೆಂದು ಅರ್ಥವಲ್ಲ. ಹಿನ್ನೆಲೆಯಲ್ಲಿ ಕೆಲಸ ನಡೆಸಲು ಬಳಸುವ ಅಸಿಂಕ್‌ಟಾಸ್ಕ್ 2020ರ ಆಂಡ್ರಾಯ್ಡ್ 11ರಲ್ಲಿ, ಅಂದರೆ ಎಪಿಐ (ಆಂಡ್ರಾಯ್ಡ್ ಆವೃತ್ತಿಯ ಕ್ರಮಸಂಖ್ಯೆ) 30ರಲ್ಲಿ ಡೆಪ್ರಿಕೇಟ್ ಆಗಿದ್ದರೂ ಅದನ್ನು ಬಳಸಿದ ಕೋಡ್ ಇಂದಿಗೂ ಕಂಪೈಲ್ ಆಗುತ್ತದೆ, ಅಂದರೆ ಅದರಿಂದ ಆ್ಯಪ್ ಕಟ್ಟಬಹುದು. ಆದ್ದರಿಂದಲೇ ನಾವು ಅದನ್ನು ಗಮನಿಸದೆ ಮುಂದೆ ಸಾಗುತ್ತೇವೆ.

ಆ್ಯಪ್ ಬರೆಯುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೊ ಇಂಥ ಹೆಸರುಗಳ ಮೇಲೆ ಅಡ್ಡಗೆರೆ ಎಳೆದು ತೋರಿಸುತ್ತದೆಯಾದರೂ ಅದು ಕಣ್ಣಿಗೆ ಬೀಳುವುದು ನಾವು ತೆರೆದ ಫೈಲಿನಲ್ಲಿ ಮಾತ್ರ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು: ಆ ಗುರುತುಗಳು ಇರುವುದು ಎಸ್‌ಡಿಕೆಯಲ್ಲಿ (ಆ್ಯಪ್ ಕಟ್ಟಲು ಬೇಕಾದ ಆಂಡ್ರಾಯ್ಡ್ ಪರಿಕರಗಳ ಕಟ್ಟಿನಲ್ಲಿ), ಹಾಗಾಗಿ ಕಂಪೈಲ್ ಎಸ್‌ಡಿಕೆ, ಅಂದರೆ ಆ್ಯಪ್ ಕಟ್ಟುವಾಗ ಬಳಸುವ ಎಸ್‌ಡಿಕೆ, ಹಳೆಯದಿದ್ದರೆ ಅದರ ನಂತರ ಡೆಪ್ರಿಕೇಟ್ ಆದದ್ದೊಂದೂ ಕಾಣಿಸುವುದಿಲ್ಲ. ಮೊದಲು ಕಂಪೈಲ್ ಎಸ್‌ಡಿಕೆಯನ್ನು ಏರಿಸಿ, ಟಾರ್ಗೆಟ್ ಎಸ್‌ಡಿಕೆಯನ್ನು (ಆ್ಯಪ್ ಯಾವ ಆವೃತ್ತಿಯ ನಿಯಮಗಳಿಗೆ ಹೊಂದಿಕೊಂಡಿದೆ ಎಂದು ಹೇಳುವ ಸಂಖ್ಯೆಯನ್ನು) ಇದ್ದಲ್ಲಿಯೇ ಬಿಟ್ಟು, ಜಾವಾ ಕಂಪೈಲರ್‌ಗೆ ಎಕ್ಸ್‌ಲಿಂಟ್ ಆಯ್ಕೆಯಲ್ಲಿ ಡೆಪ್ರಿಕೇಶನ್ ಎಂದು ಕೊಟ್ಟು, ಹಳೆಯ ಬಿಲ್ಡ್ ಅಳಿಸಿ ಹೊಸದಾಗಿ ಕಟ್ಟಿದಾಗ ಎಚ್ಚರಿಕೆಗಳು ಸಾಲುಸಂಖ್ಯೆಯೊಂದಿಗೆ ಬಂದವು.

ಅವುಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಫೋನಿನ ಸ್ಟೋರೇಜಿನ ದಾರಿ ತೋರಿಸುವ ಗೆಟ್‌ಎಕ್ಸ್‌ಟರ್ನಲ್‌ಸ್ಟೋರೇಜ್‌ಡೈರೆಕ್ಟರಿ. ಎಪಿಐ 29ರಲ್ಲಿ ಡೆಪ್ರಿಕೇಟ್ ಆದ ಇದನ್ನೇ ನಂಬಿ ಫೋನಿನ ಸ್ಟೋರೇಜಿನಲ್ಲಿ ನನ್ನದೇ ಫೋಲ್ಡರ್ ಮಾಡಿ ಫೋಟೊಗಳನ್ನು ಇಟ್ಟಿದ್ದೆ. ಆ್ಯಪ್‌ನ ವಿವರ ಬರೆಯುವ ಮ್ಯಾನಿಫೆಸ್ಟ್ ಫೈಲಿನಲ್ಲಿ, ಸ್ಟೋರೇಜಿಗೆ ಹಳೆಯ ರೀತಿಯ ಪ್ರವೇಶ ಕೇಳುವ ರಿಕ್ವೆಸ್ಟ್‌ಲೆಗಸಿಎಕ್ಸ್‌ಟರ್ನಲ್‌ಸ್ಟೋರೇಜ್ ಎಂಬ ಒಂದು ಸಾಲು ಇದ್ದುದರಿಂದ ಟಾರ್ಗೆಟ್ 29 ಇರುವವರೆಗೆ ಎಲ್ಲವೂ ನಡೆದಿತ್ತು. ಟಾರ್ಗೆಟ್ 30ಕ್ಕೆ ಏರಿದರೆ ಆಂಡ್ರಾಯ್ಡ್ 11 ಮತ್ತು ನಂತರದ ಫೋನುಗಳು ಆ ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಸಾಲಿನ ಮೇಲೆ ಯಾವ ಅಡ್ಡಗೆರೆಯೂ ಇರಲಿಲ್ಲ. ಇಂಥದು ಗೊತ್ತಾಗಬೇಕಾದರೆ ಪ್ರತಿ ಆವೃತ್ತಿಯ ವರ್ತನೆಯ ಬದಲಾವಣೆಗಳನ್ನು ವಿವರಿಸುವ ದಾಖಲೆಯನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು.

ಆ ಫೋಲ್ಡರಿನಲ್ಲಿ ಬೆಳೆಗಾರರ ಹಲವು ಹಂಗಾಮುಗಳ ದಾವಣಿ ರೋಗದ ಫೋಟೊಗಳಿವೆ. ಅವನ್ನು ಆಂಡ್ರಾಯ್ಡ್‌ನ ಫೋಟೊ-ವಿಡಿಯೊ ಸಂಗ್ರಹವಾದ ಮೀಡಿಯಾಸ್ಟೋರ್ ಮೂಲಕ ಪಿಕ್ಚರ್ಸ್ ಫೋಲ್ಡರಿಗೆ ಸಾಗಿಸುವ ಕೋಡ್ ಬರೆದು, ಪ್ರಿಸರ್ವ್‌ಲೆಗಸಿಎಕ್ಸ್‌ಟರ್ನಲ್‌ಸ್ಟೋರೇಜ್ ಸಾಲನ್ನು ಸೇರಿಸಿದ್ದೇನೆ. ಹಳೆಯ ಪ್ರತಿಯ ಮೇಲೆಯೇ ಹೊಸದನ್ನು ಹಾಕಿಕೊಂಡ ಫೋನುಗಳಿಗೆ ಮಾತ್ರ ಅದು ಹಳೆಯ ಪ್ರವೇಶವನ್ನು ಉಳಿಸಿಕೊಡುತ್ತದೆ. ಹಾಗಾಗಿ ಈಗ ಒಬ್ಬೊಬ್ಬ ಬೆಳೆಗಾರರಿಗೂ ಕರೆ ಮಾಡಿ, ‘ಹಳೆಯ ಆ್ಯಪ್ ಅಳಿಸಬೇಡಿರಿ, ಅದರ ಮ್ಯಾಲೇ ಹೊಸದು ಹಾಕ್ಕೊಳ್ರಿ’ ಎಂದು ಹೇಳುತ್ತಿದ್ದೇನೆ.