ಗೋಡೆ ಮೇಲಿನ ಬಿಳಿ ಚೌಕ

ಎಂಟನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಮನೆಯ ಹಿರಿಯರನ್ನು ಕೇಳಿ ತುರ್ತು ಪರಿಸ್ಥಿತಿಯ ಬಗ್ಗೆ ಅರ್ಧ ಪುಟ ಬರೆಯಬೇಕು. ತಾರೀಕುಗಳೆಲ್ಲ ಅವಳಿಗೆ ಬಾಯಿಪಾಠ. 1975ರ ಜೂನ್ 25ರ ರಾತ್ರಿ ಶುರು, 1977ರ ಮಾರ್ಚ್ 21ಕ್ಕೆ ಮುಗಿಯಿತು. ಪತ್ರಿಕೆಗಳಿಗೆ ಸೆನ್ಸಾರ್, ವಿಚಾರಣೆ ಇಲ್ಲದೆ ಒಳಗೆ ಹಾಕುವ ಮೀಸಾ ಕಾಯ್ದೆ. "ಇನ್ನು ನೀವು ಹೇಳಿ" ಅಂತ ನೋಟ್‌ಬುಕ್ ಹಿಡಿದು ನನ್ನ ಅಮ್ಮ ಮತ್ತು ಅಜ್ಜಿಯ ಮಧ್ಯೆ ಕೂತಳು. ನನಗೆ ಎದೆ ಧಸಕ್ಕೆಂದಿತು. ಅತ್ತೆ ಸೊಸೆ ಒಟ್ಟಿಗೆ ಕೂತು ಆ ವಿಷಯ ಮಾತಾಡಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ಅಮ್ಮನ ಅಪ್ಪ ಶಾಲೆಯ ಮಾಸ್ಟ್ರು. ಕರಪತ್ರ ಹಂಚಿದರು ಅಂತ ಹಿಡಿದುಕೊಂಡು ಹೋದರು. ಅಮ್ಮನಿಗೆ ಆಗ ಹತ್ತು ವರ್ಷ. ಪೊಲೀಸರು ಬಂದಾಗ ಅವರು ಊಟಕ್ಕೆ ಕೂತಿದ್ದರಂತೆ. ಬಟ್ಟಲಲ್ಲಿ ಉಳಿದ ಗಂಜಿಯನ್ನು ಅಮ್ಮಮ್ಮ ಬೆಳಗಿನವರೆಗೂ ಚೆಲ್ಲಲಿಲ್ಲ, ಈಗ ಬರ್ತಾರೆ ಈಗ ಬರ್ತಾರೆ ಅಂತ. ಕೆಲಸದಿಂದ ಸಸ್ಪೆಂಡ್ ಮಾಡಿದರು, ಬಳೆ ಮಾರಿ ಅಕ್ಕಿ ತಂದರು, ಜೊತೆಗೆ ಆಡುತ್ತಿದ್ದ ಮಕ್ಕಳನ್ನು ಅವರ ಮನೆಯವರು ಕಳಿಸುವುದು ಬಿಟ್ಟರು. ಅಮ್ಮನಿಗೆ ಅದು "ಅಪ್ಪ ಇಲ್ಲದ ವರ್ಷ".

ಅಜ್ಜಿಗೆ ಅದೇ ವರ್ಷ "ಡಿಕ್ಲರೇಶನ್ ಆದ ವರ್ಷ". ನಮ್ಮ ಕಡೆ ಹಳಬರೆಲ್ಲ ಹೀಗೇ ಹೇಳುವುದು. ದೇವರಾಜ ಅರಸು ಸರಕಾರ ತಂದ ಭೂಸುಧಾರಣೆಯಲ್ಲಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ಹೋಯಿತು. ಉಳುವ ಭೂಮಿ ತಮ್ಮ ಹೆಸರಿಗಾಗಲು ಗೇಣಿ ಒಕ್ಕಲುಗಳು ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು, ಅದಕ್ಕೇ ಡಿಕ್ಲರೇಶನ್ ಅನ್ನುವುದು. ಅಲ್ಲಿ ವಕೀಲರಿಗೆ ಅವಕಾಶ ಇರಲಿಲ್ಲ. ಧಣಿಗಳ ಎದುರು ಹೆಗಲಿನ ಬೈರಾಸು ಇಳಿಸಿಯೇ ನಿಲ್ಲುತ್ತಿದ್ದ ನಮ್ಮ ಅಜ್ಜ, ಹೆಬ್ಬೆಟ್ಟಿನ ಮನುಷ್ಯ, ಅವತ್ತು ತಾವೇ ನಿಂತು ಈ ಗದ್ದೆ ನಾನು ಉಳುವುದು ಅಂತ ಹೇಳಿದರು. 1976ರಲ್ಲಿ ಗದ್ದೆ ಅವರ ಹೆಸರಿಗಾಯಿತು. ಮರುವರ್ಷದ ಚುನಾವಣೆಯಲ್ಲಿ ಉತ್ತರದಲ್ಲಿ ಇಂದಿರಾ ಗಾಂಧಿಯೇ ಸೋತರು, ಆದರೆ ಕರ್ನಾಟಕದ 28 ಸೀಟುಗಳಲ್ಲಿ 26 ಕಾಂಗ್ರೆಸ್ಸಿಗೆ ಬಂತು. ನಮ್ಮ ಅಜ್ಜಿಯಂಥವರ ಮನೆಗಳನ್ನು ನೋಡಿದರೆ ನನಗೆ ಅದರಲ್ಲಿ ಆಶ್ಚರ್ಯ ಅನ್ನಿಸುವುದಿಲ್ಲ.

ಇಂದಿರಾ ಫೋಟೋ ಅಜ್ಜಿಯ ಕೋಣೆಯಲ್ಲಿ ದೇವರ ಪಕ್ಕದಲ್ಲೇ ಇತ್ತು. ಮಾಸ್ಟ್ರಜ್ಜ ಮಗಳನ್ನು ನೋಡಲು ಬರುವ ದಿನ ಅಜ್ಜ ಅದನ್ನು ಇಳಿಸಿ ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದರು. ಬೀಗರು ಬಸ್ಸು ಹತ್ತಿದ ಮೇಲೆ ಮತ್ತೆ ಮೊಳೆಗೆ. ಹೊಗೆ ಹಿಡಿದ ಗೋಡೆಯಲ್ಲಿ ಅಷ್ಟು ಜಾಗ ಮಾತ್ರ ಬಿಳಿ ಚೌಕ. ಆ ಚೌಕ ಏನು ಅಂತ ಮಾಸ್ಟ್ರಜ್ಜನಿಗೆ ಗೊತ್ತಾಗದೆ ಇರುತ್ತಾ? ಅವರು ಕೇಳಲಿಲ್ಲ. ಇವರು ಹೇಳಲಿಲ್ಲ. ನಾವು ಮಕ್ಕಳು ಯಾರೂ ಹೇಳಿಕೊಡದೆಯೇ ಕಲಿತೆವು, ಯಾರ ಎದುರು ಯಾವ ಹೆಸರು ಎತ್ತಬಾರದು ಅಂತ. ನನಗೆ ಸಿಕ್ಕಿದ ಚರಿತ್ರೆ ಜಾಸ್ತಿ ಇದೇ.

ಮಗಳಿಗೆ ಇದು ಯಾವುದೂ ಗೊತ್ತಿಲ್ಲ. ಸುಮ್ನೆ ಕೇಳಿಬಿಟ್ಟಳು: "ದೊಡ್ಡಜ್ಜಿ, ಗದ್ದೆ ನಿಮ್ಮದಾಯ್ತು. ಅದಕ್ಕೆ ಮೊದಲು ಯಾರದ್ದು?"

ಅಜ್ಜಿ ಎಲೆ ಮಡಚುತ್ತಿದ್ದವರು ನಿಲ್ಲಿಸಿದರು. ದೊಡ್ಡ ಧಣಿಗಳದ್ದಲ್ಲ, ಒಬ್ಬ ವಿಧವೆಯದ್ದು ಅಂದರು. ಗಂಡ ಇಲ್ಲ, ಮಕ್ಕಳಿಲ್ಲ, ನಾವು ಕೊಡುವ ಗೇಣಿ ಅಕ್ಕಿಯೇ ಅವರ ಊಟ. ತೀರ್ಪಾದ ಮರುದಿನ ಬಂದು ಅಂಗಳದಲ್ಲಿ ನಿಂತರಂತೆ. ಬೈಯಲಿಲ್ಲ, ಏನೂ ಹೇಳಲಿಲ್ಲ, ಗದ್ದೆ ನೋಡಿ ಹೋದರು. ಅವರು ಸಾಯುವವರೆಗೆ, ಏಳು ವರ್ಷ, ಪ್ರತಿ ಕೊಯ್ಲಿಗೆ ಅಜ್ಜಿ ಅವರ ಮನೆಗೆ ಒಂದು ಮುಡಿ ಅಕ್ಕಿ ಮುಟ್ಟಿಸಿದ್ದಾರೆ, ಅಜ್ಜನಿಗೆ ಗೊತ್ತಾಗದ ಹಾಗೆ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅತ್ತೆ?" ಅಮ್ಮನ ಸ್ವರ ನಡುಗುತ್ತಿತ್ತು.

"ಯಾರು ಕೇಳಿದ್ದು? ನೀನೂ ನಿನ್ನ ಅಪ್ಪನ ವಿಷಯ ನನ್ನ ಹತ್ತಿರ ಹೇಳಿದ್ದುಂಟಾ? ಆ ಗಂಜಿ ಕತೆ ನಾನು ಇವತ್ತೇ ಕೇಳಿದ್ದು."

ಅಮ್ಮ ಏನೂ ಹೇಳಲಿಲ್ಲ. ಅಜ್ಜಿಯ ಕೈಯಿಂದ ಎಲೆ ತೆಗೆದುಕೊಂಡು ಸುಣ್ಣ ಹಚ್ಚಿ ಕೊಟ್ಟರು.

ಅರ್ಧ ಪುಟ ಯಾವಾಗಲೋ ಮುಗಿದಿತ್ತು. ಮಗಳು ಹಾಳೆ ತಿರುಗಿಸಿ ಕೇಳಿದಳು, "ಅಕ್ಕಿ ಕೊಟ್ಟಿದ್ದನ್ನೂ ಬರೀಲಾ?"

"ಬರಿ" ಅಂದರು ಅಜ್ಜಿ. "ಅವರ ಹೆಸರು ಮಾತ್ರ ಹಾಕಬೇಡ."