ಮೂರನೇ ಅಡ್ಡರಸ್ತೆಗೊಂದು ಹೆಸರು

ಕಳೆದ ಭಾನುವಾರ ಸಂಜೆ ಹಾಸನದ ನಮ್ಮ ಬಡಾವಣೆಯವರೆಲ್ಲ ಗಣಪತಿ ಗುಡಿಯ ಕಟ್ಟೆಯ ಮೇಲೆ ಸೇರಿದ್ದೆವು. ಮೂರನೇ ಅಡ್ಡರಸ್ತೆಗೆ ಹೆಸರಿಡಬೇಕೆಂದು ನಗರಾಡಳಿತಕ್ಕೆ ಅರ್ಜಿ ಬರೆಯುವುದಿತ್ತು. ಬಸವಣ್ಣ, ಕುವೆಂಪು, ಸಂಗೊಳ್ಳಿ ರಾಯಣ್ಣ ಎಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ನನ್ನ ಸರದಿ ಬಂದಾಗ ಬಲಂ ವೆಂಕಟಾದ್ರಿ ನಾಯಕ ಎಂದೆ.

"ಯಾರು ಮೇಡಂ ಅವರು?" ಎಂದರು ಪಕ್ಕದ ಮನೆಯ ಮೇಷ್ಟ್ರು.

ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮದೇ ಜಿಲ್ಲೆಯ ಮನುಷ್ಯ! ಐಗೂರಿನ ಪಾಳೆಯಗಾರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಈಸ್ಟ್ ಇಂಡಿಯಾ ಕಂಪನಿಗೆ ತಲೆ ಬಾಗಲಿಲ್ಲ. ಘಟ್ಟ ಇಳಿದು ಮಂಗಳೂರಿನ ಕಡೆಗೆ ಹೋಗುವ ಬಿಸಿಲೆ ದಾರಿ ಅವನ ಸೀಮೆಯಲ್ಲಿತ್ತು. ಅದು ಕೈಗೆ ಸಿಗದೆ ಕಂಪನಿ ಪಡೆಗೆ ನೆಮ್ಮದಿಯಿರಲಿಲ್ಲ. 1802ರ ಜನವರಿಯಲ್ಲಿ ಆ ಪಡೆಯ ಸೇನಾನಿ ಆರ್ಥರ್ ವೆಲ್ಲೆಸ್ಲಿ ನಾಯಕನ ಅರಕೆರೆ ಕೋಟೆಗೆ ನುಗ್ಗಿದ. ನಾಯಕ ಕಾಡು ಸೇರಿದ. ಅವನನ್ನು ಹಿಡಿಯಲು ಕಾಡು ಕಡಿಸಿ ದಾರಿ ಮಾಡಿಸಿದರು, ಊರುಗಳ ಕೋಟೆಗಳನ್ನು ಕೆಡವಿಸಿದರು. ಫೆಬ್ರವರಿಯಲ್ಲಿ ನಾಯಕ ಸಿಕ್ಕಿಬಿದ್ದ, ಗಲ್ಲಿಗೇರಿಸಿದರು.

ಹೇಳುತ್ತ ಹೇಳುತ್ತ ನನ್ನ ದನಿ ಏರಿತ್ತು. ಅದೇ ವೆಲ್ಲೆಸ್ಲಿ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದ, 1815ರಲ್ಲಿ ನೆಪೋಲಿಯನ್ ವಿರುದ್ಧ ವಾಟರ್ಲೂ ಕದನ ಗೆದ್ದ. ಬೆಂಗಳೂರಿನ ರಿಚ್ಮಂಡ್ ಟೌನಿನಲ್ಲಿ ವೆಲ್ಲಿಂಗ್ಟನ್ ಸ್ಟ್ರೀಟ್ ಇಂದಿಗೂ ಇದೆ. ಗಲ್ಲಿಗೇರಿಸಿದವನ ಹೆಸರಿನಲ್ಲಿ ಬೀದಿಯಿರುವಾಗ ಗಲ್ಲಿಗೇರಿದವನಿಗೆ ನಮ್ಮ ಈ ಇನ್ನೂರು ಅಡಿ ಕಾಂಕ್ರೀಟು ಕೊಡಲಾಗದೇ ಎಂದು ಕೇಳಿದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸಕಲೇಶಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ಅಜ್ಜಿಯೊಬ್ಬರು ಕಟ್ಟೆಯ ತುದಿಯಲ್ಲಿ ಹೂ ಕಟ್ಟುತ್ತಿದ್ದರು. "ಐಗೂರು ನನ್ನ ತವರಿನ ದಾರಿ. ಅಷ್ಟು ಸಲ ಓಡಾಡಿದ್ದೇನೆ, ಇದನ್ನು ಒಬ್ಬರೂ ಹೇಳಿರಲಿಲ್ಲವಲ್ಲ ಮಗಳೇ" ಎಂದರು. ಅವರ ಕೈಯಲ್ಲಿ ಕಾಕಡದ ಮಾಲೆ ಅರ್ಧಕ್ಕೆ ನಿಂತಿತ್ತು.

ಅರ್ಜಿಯನ್ನು ನಾನೇ ಬರೆದೆ. ಮೊದಲ ಸಹಿ ಅಜ್ಜಿಯದು. ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಬರೆದರು. ಎಲ್ಲರ ಸಹಿಯಾದ ಮೇಲೆ ಮೇಷ್ಟ್ರು ಕಾಗದ ತೆಗೆದುಕೊಂಡು ಮತ್ತೊಮ್ಮೆ ಓದಿದರು.

"ಫಲಕದಲ್ಲಿ ಹೆಸರಿನ ಕೆಳಗೆ ಇಸವಿಯನ್ನೂ ಬರೆಸಬೇಕು ಮೇಡಂ. ಅದನ್ನೂ ಸೇರಿಸಿ" ಎಂದು ಪೆನ್ನನ್ನು ನನ್ನ ಕೈಗೆ ಕೊಟ್ಟರು.